ಗುಡ್ಡಕ್ಕೆ ಬಿಟ್ಟ ಕುನ್ನಿಗಳು

ಶೀಗಿ ಹುಣ್ಣಿಮೆ ಕಳೆದು ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಏರುವ ಹೊತ್ತಿಗೆ ಶಿರಹಟ್ಟಿ ಸೀಮೆಯ ಊರುಗಳಲ್ಲಿ ನಾಯಿಗಳು ಈಯುತ್ತವೆ. ಬಣವೆಯ ಬುಡದಲ್ಲಿ, ಹಾಳುಬಿದ್ದ ಮನೆಯ ಕಟ್ಟೆಯ ಸಂದಿಯಲ್ಲಿ, ಶಾಲೆಯ ಹಿಂದಿನ ಜಾಲಿಕಂಟಿಯ ಮರೆಯಲ್ಲಿ ಐದೋ ಆರೋ ಕುನ್ನಿಗಳು ಕಣ್ಣು ತೆರೆಯದೆಯೇ ತಾಯಿಯ ಮೊಲೆ ಹುಡುಕುತ್ತಿರುತ್ತವೆ. ಸುದ್ದಿ ಮೊದಲು ಮುಟ್ಟುವುದು ಓಣಿಯ ಮಕ್ಕಳಿಗೆ. ಅವರು ರೊಟ್ಟಿಯ ಚೂರು ಕದ್ದು ತರುತ್ತಾರೆ, ಯಾವ ಕುನ್ನಿ ಯಾರದೆಂದು ಹಂಚಿಕೊಳ್ಳುತ್ತಾರೆ, ಹೆಸರಿಡುತ್ತಾರೆ. ತಿಂಗಳೊಂದು ಕಳೆಯುತ್ತದೆ. ಗಂಡು ಕುನ್ನಿಗಳಲ್ಲಿ ಗಟ್ಟಿಮುಟ್ಟಾದ ಒಂದೆರಡನ್ನು ಹೊಲದ ಮನೆಗೋ ಕುರಿಹಟ್ಟಿಗೋ ಯಾರಾದರೂ ಒಯ್ಯುತ್ತಾರೆ. ಉಳಿದವು ಬೀದಿಗಿಳಿದು, ಚಪ್ಪಲಿ ಕಚ್ಚಿ, ಕೋಳಿಮರಿಯ ಬೆನ್ನಟ್ಟಿ, ರಾತ್ರಿಯೆಲ್ಲ ಕುಂಯ್ಗುಟ್ಟಿ ಹಿರಿಯರ ಸಹನೆ ಕೆಡಿಸುತ್ತವೆ. ಆಗ ಒಂದು ದಿನ ಗೋಣಿಚೀಲ ಹೊರಬರುತ್ತದೆ. ಚೀಲ ಬೈಕಿನ ಮೇಲೇರಿ ಊರು ದಾಟುತ್ತದೆ. ಸಂಜೆ ಮಕ್ಕಳು ಕೇಳಿದರೆ ಸಿಗುವ ಉತ್ತರ ಒಂದೇ: “ಗುಡ್ಡಕ್ಕ ಬಿಟ್ಟು ಬಂದೀವಿ.”

ಈ ಮಾತನ್ನು ಆಡುವವರು ಕ್ರೂರಿಗಳಲ್ಲ. ಕೊಲ್ಲಲಿಲ್ಲ ಎಂಬ ಸಮಾಧಾನ ಅವರ ದನಿಯಲ್ಲಿರುತ್ತದೆ. ಗುಡ್ಡ ದೊಡ್ಡದು, ಏನಾದರೂ ತಿಂದು ಬದುಕಿಯಾವು ಎಂದು ಅವರು ನಿಜವಾಗಿಯೇ ನಂಬಿರುತ್ತಾರೆ. ಆದರೆ ಆರು ವಾರದ ಕುನ್ನಿಗೆ ಬೇಟೆ ಗೊತ್ತಿಲ್ಲ, ನೀರಿನ ಜಾಡು ಗೊತ್ತಿಲ್ಲ. ಊರ ನಡುವೆ, ತಾಯಿಯ ಬಳಿಯೇ ಬೆಳೆಯುವ ಬೀದಿಮರಿಗಳ ಪಾಡೇ ಏನೆಂಬುದನ್ನು ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಲೆಕ್ಕವಿಟ್ಟು ನೋಡಿದ್ದಾರೆ. 95 ಸೂಲುಗಳಲ್ಲಿ ಹುಟ್ಟಿದ 364 ಮರಿಗಳನ್ನು ಗಮನಿಸಿ 2016ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಂತೆ, ಪ್ರಾಯಕ್ಕೆ ಬಂದದ್ದು ನೂರಕ್ಕೆ 19 ಮಾತ್ರ. ಸತ್ತವುಗಳಲ್ಲಿ ನೂರಕ್ಕೆ 63ರ ಸಾವಿನ ಹಿಂದೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯನ ಕೈಯಿತ್ತು. ತಾಯಿ, ತಿಪ್ಪೆ, ಕರುಣೆಯ ತುತ್ತು ಎಲ್ಲವೂ ಇದ್ದಾಗಿನ ಲೆಕ್ಕವಿದು. ಇವೊಂದೂ ಇಲ್ಲದ ಗುಡ್ಡದ ಅಂಚಿನಲ್ಲಿ ಚೀಲ ಬಿಚ್ಚಿದರೆ ಉಳಿಯುವುದೆಷ್ಟು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಒಂದೋ ಎರಡೋ ಉಳಿಯುತ್ತವೆ. ತೊಂದರೆಯ ಎರಡನೆಯ ಭಾಗ ಆರಂಭವಾಗುವುದು ಅಲ್ಲಿಂದ.

ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಚಾಚಿಕೊಂಡಿರುವ ಕಪ್ಪತಗುಡ್ಡವನ್ನು ಉಳಿಸಿಕೊಳ್ಳಲು ಈ ಸೀಮೆಯ ಜನ ಪಟ್ಟ ಪಾಡು ಹಳೆಯ ಕಥೆಯಲ್ಲ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಸರ್ಕಾರ 2016ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ರೈತರು, ವಿದ್ಯಾರ್ಥಿಗಳು, ಮಠಗಳು ಬೀದಿಗಿಳಿದ ಮೇಲೆ 2017ರ ಏಪ್ರಿಲ್‌ನಲ್ಲಿ ಆ ಘೋಷಣೆ ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಗಣಿಯವರ ಯಂತ್ರವನ್ನು ತಡೆದ ಗುಡ್ಡಕ್ಕೆ ಗೋಣಿಚೀಲವನ್ನು ತಡೆಯಲಾಗಿಲ್ಲ. ಈ ಹೋಲಿಕೆ ಅತಿಯಾಯಿತೆಂದು ಕೆಲವರಿಗೆ ಅನಿಸಬಹುದು. ಆದರೆ ತೋಳ, ಕತ್ತೆಕಿರುಬ, ನರಿ, ಚಿಗರಿ, ಕೊಂಡುಕುರಿಗಳ ದೃಷ್ಟಿಯಿಂದ ನೋಡಿದರೆ ಅಷ್ಟೇನೂ ಅತಿಯಲ್ಲ.

ಗುಡ್ಡದಲ್ಲಿ ಬದುಕುಳಿದ ನಾಯಿ ಒಂಟಿಯಾಗಿರುವುದಿಲ್ಲ. ಹಿಂಡು ಕಟ್ಟುತ್ತದೆ. ಈದ ಚಿಗರಿಯನ್ನು ಕಾಡುತ್ತದೆ, ಹುಲ್ಲಿನಲ್ಲಿ ಅಡಗಿ ಕುಳಿತ ಮರಿಯನ್ನು ಮೂಸಿ ಹುಡುಕುತ್ತದೆ, ಕುರಿಹಿಂಡಿಗೂ ಬೀಳುತ್ತದೆ. ಆ ಕುರಿಯ ಲೆಕ್ಕ ಮಾತ್ರ ಬಹಳ ಸಲ ತೋಳದ ಹೆಸರಿಗೆ ಜಮೆಯಾಗುತ್ತದೆ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳೂ ಇದೇ ತಿಂಗಳುಗಳ ಅತಿಥಿಗಳು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಕೆರೆಯ ದಂಡೆಯಲ್ಲಿ ನಾಯಿಗಳ ಹಿಂಡು ಓಡಾಡಿದರೆ, ಸಾವಿರಾರು ಮೈಲು ಹಾರಿ ಬಂದ ಹಕ್ಕಿ ನೆಮ್ಮದಿಯಾಗಿ ಕೂರಲಾರದು.

ಕಣ್ಣಿಗೆ ಕಾಣುವ ಬೇಟೆಗಿಂತ ಕಾಣದ ರೋಗ ದೊಡ್ಡದು. ಕ್ಯಾನೈನ್ ಡಿಸ್ಟೆಂಪರ್ ಎಂಬ ವೈರಾಣು ನಾಯಿಯ ಮೂಗು ಬಾಯಿಯ ಸ್ರಾವದಿಂದ ಹರಡುತ್ತದೆ. ನಾಯಿಯಿಂದ ತೋಳಕ್ಕೆ, ನರಿಗೆ, ಬೆಕ್ಕಿನ ಜಾತಿಯ ಮೃಗಗಳಿಗೂ ಅದು ದಾಟಬಲ್ಲುದು. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಈ ರೋಗಕ್ಕೆ ಸುಮಾರು ಮೂರರಲ್ಲಿ ಒಂದು ಪಾಲು ಸಿಂಹಗಳು ಬಲಿಯಾದವು. ಗುಜರಾತಿನ ಗಿರ್ ಅರಣ್ಯದಲ್ಲಿ 2018ರ ಸೆಪ್ಟೆಂಬರ್ ಸುಮಾರಿಗೆ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಇದೇ ಸೋಂಕು ಪತ್ತೆಯಾಯಿತು. ದೇಶದಲ್ಲಿ ತೋಳಗಳ ಸಂಖ್ಯೆ ಸುಮಾರು ಮೂರು ಸಾವಿರವೆಂದು ಅಂದಾಜು. ಅದರಲ್ಲಿ ಈ ಗುಡ್ಡದ ಪಾಲು ಎಷ್ಟು ಚಿಕ್ಕದಿರಬೇಕೆಂದು ಊಹಿಸಿದರೆ, ಒಂದು ಕಾಯಿಲೆಯ ನಾಯಿ ಒಂದು ನೀರಿನ ಗುಂಡಿಗೆ ಬಾಯಿ ಹಚ್ಚುವುದರ ಅರ್ಥ ತಿಳಿದೀತು.

ಇನ್ನೊಂದು ನಷ್ಟ ಸದ್ದಿಲ್ಲದೆ ಆಗುವಂಥದು. ತೋಳಕ್ಕೂ ನಾಯಿಗೂ ರಕ್ತಸಂಬಂಧ ಹತ್ತಿರದ್ದಾದ್ದರಿಂದ ಅವು ಕೂಡಬಲ್ಲವು. ಪುಣೆಯ ಸಮೀಪದ ಹುಲ್ಲುಗಾವಲಿನಲ್ಲಿ ಕಂಡ ವಿಚಿತ್ರ ಬಣ್ಣದ ಪ್ರಾಣಿಗಳು ತೋಳ–ನಾಯಿಗಳ ಬೆರಕೆಯೆಂದು ವಂಶವಾಹಿ ಪರೀಕ್ಷೆಯಿಂದ 2023ರಲ್ಲಿ ಖಚಿತವಾಯಿತು. ಕಪ್ಪತಗುಡ್ಡದಂತೆಯೇ ಅದೂ ಬಯಲು, ಹೊಲ, ಕುರಿಗಾಹಿಗಳ ನಾಡು. ತೋಳ ಈಯುವುದು ಕೂಡ ಚಳಿಗಾಲದ ಆಸುಪಾಸಿನಲ್ಲೇ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳಧಾಮದಲ್ಲಿ ಒಂದು ತೋಳ ಎಂಟು ಮರಿ ಹಾಕಿದ ಸುದ್ದಿ 2025ರ ಮಾರ್ಚ್‌ನಲ್ಲಿ ನಾಡಿನ ಪತ್ರಿಕೆಗಳಲ್ಲೆಲ್ಲ ಬಂತು, ಅರಣ್ಯ ಸಚಿವರೂ ಸಂತಸಪಟ್ಟರು. ಆ ಎಂಟರಲ್ಲಿ ಅರ್ಧ ಉಳಿದರೂ ಪುಣ್ಯ ಎಂಬ ಮಾತು ಆಗಲೇ ಇತ್ತು. ಒಂದೇ ಕಾಲದಲ್ಲಿ ಗುಡ್ಡದ ಗವಿಯಲ್ಲಿ ಹುಟ್ಟುವ ಎಂಟು ಮರಿ ನಾಡಿಗೆ ಹಬ್ಬ, ಊರ ಬಣವೆಯಲ್ಲಿ ಹುಟ್ಟುವ ಆರು ಮರಿ ಊರಿಗೆ ಕಾಟ. ಎರಡನೆಯದನ್ನು ಮೊದಲನೆಯದರ ಮನೆಬಾಗಿಲಿಗೆ ಸುರಿದು ಬರುವುದು ಈ ವ್ಯವಹಾರದ ವಿಪರ್ಯಾಸ. (ಗುಡ್ಡದಲ್ಲಿ ಪೊದೆಯ ಬುಡಕ್ಕೆ ಕುನ್ನಿಯಂಥ ಮರಿ ಕಂಡರೆ ಕುರಿಗಾಹಿಗಳಾಗಲಿ ವಿದ್ಯಾರ್ಥಿಗಳಾಗಲಿ ಮುಟ್ಟಬಾರದು. ಅದು ತೋಳದ ಮರಿಯಿದ್ದೀತು; ತಾಯಿ ದೂರದಲ್ಲಿ ನಿಂತು ನೋಡುತ್ತಿದ್ದೀತು.)

ನಾಯಿಯನ್ನು ಕೀಳಾಗಿ ಕಂಡ ನಾಡೇನೂ ಇದಲ್ಲ. ಹೊಳೆಯಾಚೆಯ ಮೈಲಾರದಲ್ಲಿ ಕರಿಕಂಬಳಿಯ ಗೊರವರು ತಾವೇ ಮೈಲಾರಲಿಂಗನ ನಾಯಿಗಳೆಂದು ಬೊಗಳುತ್ತಾರೆ, ದೋಣಿಯಲ್ಲಿ ಬಡಿಸಿದ್ದನ್ನು ಕೈ ಹಚ್ಚದೆ ಬಾಯಿಂದಲೇ ಉಣ್ಣುತ್ತಾರೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಗೆ 2005ರ ಜನವರಿಯಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು. ಅದರ ತಳಿ ಉಳಿಸಲು ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೇ ಇದೆ, ಸೈನ್ಯವೂ ಮರಿಗಳನ್ನು ಒಯ್ದು ತರಬೇತಿ ಕೊಟ್ಟಿದೆ. ಇವೆಲ್ಲಕ್ಕಿಂತ ಹಳೆಯ ಸಾಕ್ಷಿ ಮಂಡ್ಯ ಸೀಮೆಯ ಆತಕೂರಿನದು. ಹತ್ತನೆಯ ಶತಮಾನದ ನಡುವಿನಲ್ಲಿ ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಹಂದಿಯೊಡನೆ ಕಾದು ಅದೂ ಹಂದಿಯೂ ಸತ್ತಾಗ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆಯ ಏರ್ಪಾಡು ಮಾಡಿದರು. ಕಾಳಿಯ ಶೌರ್ಯವನ್ನು ಎಲ್ಲರೂ ಹೊಗಳುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಬೇರೆ: ಆ ನಾಯಿಯನ್ನು ಒಬ್ಬ ಬೇಡಿದ, ಒಬ್ಬ ಕೊಟ್ಟ. ಕೊಟ್ಟವನೂ ಗೊತ್ತು, ಪಡೆದವನೂ ಗೊತ್ತು. ಸಾವಿರ ವರ್ಷದ ಕೆಳಗೆ ಒಂದು ನಾಯಿ ಕೈಯಿಂದ ಕೈಗೆ ಹೋದದ್ದು ಕಲ್ಲಿನ ಮೇಲೆ ದಾಖಲಾಗಿದೆ. ಇಂದು ಆರು ಕುನ್ನಿ ಯಾರ ಕೈಯಿಂದ ಎಲ್ಲಿಗೆ ಹೋದವೆಂದು ಅದೇ ಓಣಿಯವರಿಗೇ ತಿಳಿಯದು.

ಚೀಲದೊಳಗೆ ಹೆಚ್ಚಾಗಿ ಹೆಣ್ಣು ಕುನ್ನಿಗಳೇ ಇರುತ್ತವೆ. ಹೆಣ್ಣುನಾಯಿ ಸಾಕಿದರೆ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಈಯುತ್ತದೆ, ಬೆದೆಗೆ ಬಂದಾಗ ಊರ ಗಂಡುನಾಯಿಗಳೆಲ್ಲ ಅಂಗಳಕ್ಕೆ ನೆರೆಯುತ್ತವೆ. ಆ ತಾಪತ್ರಯ ಯಾರಿಗೂ ಬೇಡ. ಆದ್ದರಿಂದ ಗಂಡಿಗೆ ಮನೆ, ಹೆಣ್ಣಿಗೆ ಬೀದಿ. ಬೀದಿಗೆ ಬಿದ್ದ ಹೆಣ್ಣೇ ಬರುವ ವರ್ಷದ ಆರು ಕುನ್ನಿಗಳ ತಾಯಿ. ಮನೆಗೆ ಸೇರದ ಕಾರಣಕ್ಕೇ ಅವಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವವರೂ ಇಲ್ಲ. ಈ ಗಂಟನ್ನು ಬಿಚ್ಚದೆ ಎಷ್ಟು ಕುನ್ನಿ ಹಂಚಿದರೂ ಮುಂದಿನ ಶೀಗಿಗೆ ಬಣವೆಯ ಬುಡ ಮತ್ತೆ ತುಂಬಿರುತ್ತದೆ. ಹಳ್ಳಿಯ ಪಾಲಿಗೆ ಕುನ್ನಿಗಳ ಪ್ರಶ್ನೆ ಎಂದರೆ ತಾಯಿಯ ಪ್ರಶ್ನೆ.

ಹಾಗಾದರೆ ಕುನ್ನಿಗಳನ್ನು ಬೆಳೆಸಿ ಕೊಡುವ ಬಗೆ ಹೇಗೆ? ಇದಕ್ಕೆ ದೊಡ್ಡ ಹಣವಾಗಲಿ ಸಂಸ್ಥೆಯಾಗಲಿ ಬೇಕಿಲ್ಲ. ಹುಣ್ಣಿಮೆಗಳ ಲೆಕ್ಕ ಗೊತ್ತಿರುವ ಮನೆಗೆ ಕ್ಯಾಲೆಂಡರೂ ಬೇಕಿಲ್ಲ.

ಶೀಗಿ ಹುಣ್ಣಿಮೆಗೆ ಈದ ನಾಯಿಯನ್ನೇ ತೆಗೆದುಕೊಳ್ಳಬಹುದು. ಮೊದಲ ಎರಡು ವಾರ ಕುನ್ನಿಗೆ ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾಗದು. ಉಚ್ಚೆ ಹೊಯ್ಯಲೂ ತಾಯಿ ನೆಕ್ಕಬೇಕು. ಆದ್ದರಿಂದ ಆಗ ಮನುಷ್ಯರು ಮಾಡಬೇಕಾದದ್ದು ತಾಯಿಗೆ ಹೊಟ್ಟೆ ತುಂಬ ಊಟ, ನೀರು, ಒಣಗಿದ ಗೋಣಿ, ಗಾಳಿ ತಡೆಯುವ ಒಂದು ಮರೆ, ಇಷ್ಟೇ. ಕುನ್ನಿಗಳನ್ನು ಪದೇ ಪದೇ ಎತ್ತಿದರೆ ತಾಯಿ ಜಾಗ ಬದಲಿಸುತ್ತದೆ. ಹತ್ತರಿಂದ ಹದಿನಾಲ್ಕು ದಿನಕ್ಕೆ ಕಣ್ಣು ತೆರೆಯುತ್ತವೆ. ಜಂತು ತಾಯಿಯ ಗರ್ಭದಿಂದ, ಹಾಲಿನಿಂದಲೇ ಬರುವುದರಿಂದ ಎರಡು ವಾರ ತುಂಬಿದ ಮೇಲೆ ಪಶುವೈದ್ಯರನ್ನು ಕೇಳಿ ಜಂತಿನ ಔಷಧ ಆರಂಭಿಸಬೇಕು. ಹೊಟ್ಟೆ ಡೊಳ್ಳಾಗಿದ್ದರೆ ಕುನ್ನಿ ಪುಷ್ಟಿಯಾಗಿದೆ ಎಂದುಕೊಳ್ಳುವವರೇ ಹೆಚ್ಚು. ಬಹಳ ಸಲ ಅದು ಜಂತಿನ ಹೊಟ್ಟೆ. ತಾಯಿ ಸತ್ತು ತಬ್ಬಲಿಯಾದ ಮರಿಗಳಾದರೆ ಬರಿಯ ಆಕಳ ಹಾಲು ಸಾಲದು. ನಾಯಿಯ ಹಾಲು ಅದಕ್ಕಿಂತ ಬಹಳ ಗಟ್ಟಿ. ಪಶುವೈದ್ಯರು ಹೇಳಿದಂತೆ ಮರಿಗಳ ಹಾಲಿನ ಪುಡಿಯನ್ನೋ ಮೊಟ್ಟೆಯ ಹಳದಿ ಬೆರೆಸಿದ ಹಾಲನ್ನೋ ಬೆಚ್ಚಗೆ, ಸ್ವಲ್ಪಸ್ವಲ್ಪವಾಗಿ, ರಾತ್ರಿಯೂ ಎದ್ದು ಕೊಡಬೇಕು. ಕೂಸಿನಂತೆ ಅಂಗಾತ ಮಲಗಿಸಿ ಹಾಲು ಹಾಕಿದರೆ ಶ್ವಾಸಕೋಶಕ್ಕೆ ಇಳಿದು ಸಾಯುತ್ತದೆ. ಬೋರಲಾಗಿ, ತಾಯಿಯ ಮೊಲೆಗೆ ಬಾಯಿ ಹಾಕುವ ಭಂಗಿಯಲ್ಲೇ ಹಿಡಿಯಬೇಕು. ಮಕ್ಕಳ ಪ್ರೀತಿಯಿಂದಲೇ ಸತ್ತ ಕುನ್ನಿಗಳೂ ಇವೆ ಎಂಬುದನ್ನು ಶಾಲೆಯಲ್ಲಿ ಒಮ್ಮೆ ಹೇಳುವುದು ಒಳ್ಳೆಯದು.

ಗೌರಿ ಹುಣ್ಣಿಮೆಗೆ ತಿಂಗಳು ತುಂಬುತ್ತದೆ. ಹಾಲಿನ ಜೊತೆಗೆ ಮೆತ್ತಗೆ ನೆನೆಸಿ ಹಿಸುಕಿದ ರೊಟ್ಟಿ, ನುಚ್ಚು, ಬೇಯಿಸಿದ ಮೊಟ್ಟೆ ಕೊಡಬಹುದು. ಉಳ್ಳಾಗಡ್ಡಿ ಹಾಕಿದ ಪಲ್ಲೆ ಬೇಡ. ಗದಗ ಸೀಮೆಯ ಈ ನೆಚ್ಚಿನ ಗಡ್ಡೆ ನಾಯಿಯ ರಕ್ತಕ್ಕೆ ವಿಷ. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ದಿನಗಳಲ್ಲಿ ಕುನ್ನಿ ಯಾರನ್ನು ಕಂಡು ಬೆಳೆಯುತ್ತದೋ ಅವರನ್ನು ತನ್ನವರೆಂದು ತಿಳಿಯುತ್ತದೆ. ಕುರಿಗಾಹಿಗಳು ಕುನ್ನಿಯನ್ನು ಎಳೆಯದರಲ್ಲೇ ಹಟ್ಟಿಗೆ ತಂದು ಕುರಿಮರಿಗಳ ನಡುವೆ ಮಲಗಿಸುವುದರ ಗುಟ್ಟು ಇದೇ. ಮಕ್ಕಳು, ಮುದುಕರು, ದನ, ಟ್ರ್ಯಾಕ್ಟರಿನ ಸದ್ದು ಎಲ್ಲವೂ ಆಗಲೇ ಪರಿಚಯವಾದ ನಾಯಿ ಮುಂದೆ ಹೆದರಿ ಕಚ್ಚುವುದು ಕಡಿಮೆ. ಚೀಲದಲ್ಲಿ ಗುಡ್ಡ ಸೇರುವುದೂ ಇದೇ ವಾರಗಳಲ್ಲಿ ಎಂಬುದನ್ನು ಮರೆಯುವಂತಿಲ್ಲ; ಅಲ್ಲಿ ಉಳಿದ ಕುನ್ನಿಗೆ ಮನುಷ್ಯನೇ ಅಪರಿಚಿತ ಮೃಗ.

ಹೊಸ್ತಿಲ ಹುಣ್ಣಿಮೆಗೆ ಎರಡು ತಿಂಗಳು. ಹೊಸ ಹೊಸ್ತಿಲು ದಾಟಲು ತಕ್ಕ ವಯಸ್ಸು ಇದು, ಇದಕ್ಕಿಂತ ಮೊದಲಲ್ಲ. ಪಾರ್ವೊ ಮತ್ತು ಡಿಸ್ಟೆಂಪರ್ ತಡೆಯುವ ಮೊದಲ ಚುಚ್ಚುಮದ್ದು ಆರರಿಂದ ಎಂಟು ವಾರದೊಳಗೆ ಬೀಳಬೇಕು. ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸುತ್ತ ಹೋದರೆ ಭಾರತ ಹುಣ್ಣಿಮೆಯ ಹೊತ್ತಿಗೆ, ಅಂದರೆ ಮೈಲಾರನ ಜಾತ್ರೆಗೆ ಬಂಡಿಗಳು ಹೊರಡುವ ಕಾಲಕ್ಕೆ, ಮುಗಿಯುತ್ತದೆ. ನಡುವೆ ಬನದ ಹುಣ್ಣಿಮೆಗೆ ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ, ಅಂದರೆ ರೇಬೀಸ್‌ನ ಲಸಿಕೆ. ಹೆಣ್ಣು ಕುನ್ನಿಗೆ ದವನದ ಹುಣ್ಣಿಮೆಯ ಸುಮಾರಿಗೆ ಆರು ತಿಂಗಳು; ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತು ಆಗ ಎತ್ತಬೇಕು.

ಯಾರಿಗೆ ಕೊಡಬೇಕು ಎಂಬುದು ಔಷಧಕ್ಕಿಂತ ಕಷ್ಟದ ಪ್ರಶ್ನೆ. “ನಾಯಿ ಅಂದ್ರ ನಮಗ ಭಾಳ ಪ್ರೀತಿ” ಎನ್ನುವವರೆಲ್ಲರಿಗೂ ಕೊಟ್ಟರೆ ಅರ್ಧ ಕುನ್ನಿಗಳು ಮರಳಿ ಬೀದಿಗೆ ಬರುತ್ತವೆ. ಮೊದಲು ಕೇಳಬೇಕಾದದ್ದು: ಈ ಮನೆಯವರು ಗುಳೆ ಹೋಗುತ್ತಾರೆಯೇ? ಬೇಸಗೆಯಲ್ಲಿ ಮನೆಗೆ ಬೀಗ ಹಾಕಿ ಗೋವೆಗೋ ಮಂಗಳೂರಿಗೋ ಹೊರಟರೆ ನಾಯಿಗೆ ಅನ್ನ ಹಾಕುವವರಾರು? ಗುಳೆ ಹೋಗುವುದು ತಪ್ಪಲ್ಲ, ಬಡತನ ಯಾರ ಅಪರಾಧವೂ ಅಲ್ಲ. ಆದರೆ ಅಂಥ ಮನೆಗೆ ಕುನ್ನಿ ಕೊಡುವಾಗ ಪಕ್ಕದ ಮನೆಯ ಒಪ್ಪಿಗೆಯನ್ನೂ ಕೇಳಿಕೊಳ್ಳಬೇಕು. ವಿದ್ಯಾರ್ಥಿನಿಲಯಗಳ ಹುಡುಗರದ್ದೂ ಇದೇ ಕಥೆ. ಜೂನ್‌ನಿಂದ ಮಾರ್ಚ್‌ವರೆಗೆ ಊಟದ ತಟ್ಟೆ ಹಂಚಿಕೊಂಡು ಬೆಳೆಸಿದ ನಾಯಿ ಪರೀಕ್ಷೆ ಮುಗಿದ ಮರುದಿನ ಖಾಲಿ ಕಟ್ಟಡದ ಮುಂದೆ ಕುಳಿತಿರುತ್ತದೆ. ಹೆಣ್ಣು ಕುನ್ನಿಯನ್ನು ಅಕ್ಕಪಕ್ಕದ ಎರಡು ಮನೆಗಳು ಜೊತೆಯಾಗಿ ಒಪ್ಪಿಕೊಂಡು, ಶಸ್ತ್ರಚಿಕಿತ್ಸೆಯ ಓಡಾಟವನ್ನು ಹಂಚಿಕೊಂಡರೆ ಹಗುರವಾಗುತ್ತದೆ. ಕೊಟ್ಟವರು ತಿಂಗಳಿಗೊಮ್ಮೆ ಹೋಗಿ ನೋಡಿ ಬರುವುದನ್ನು ಪಡೆದವರು ಅವಮಾನವೆಂದು ಭಾವಿಸಬಾರದು. ಹೆಣ್ಣು ಕೊಟ್ಟ ಮನೆಯವರು ಹೋಗಿ ಬರುವುದಿಲ್ಲವೇ?

ಕುನ್ನಿ ಕಚ್ಚಿದರೆ ಏನೂ ಆಗದು ಎಂಬ ನಂಬಿಕೆ ಈ ಭಾಗದಲ್ಲಿ ಗಟ್ಟಿಯಾಗಿದೆ, ಅದು ಅಪಾಯಕಾರಿ. ಮೂರು ತಿಂಗಳೊಳಗಿನ ಮರಿಗೂ ರೇಬೀಸ್ ತಗುಲಬಲ್ಲುದು, ಅದರ ಹಾಲುಹಲ್ಲಿನ ಗೀರಿನಿಂದಲೂ ರೋಗ ಬರಬಲ್ಲುದು. ರೋಗ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವಿಲ್ಲ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅರಿಶಿನ ಸುಣ್ಣ ಮೆತ್ತದೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದಿನ ಭಯ ಹಿರಿಯರಲ್ಲಿ ಇನ್ನೂ ಉಳಿದಿದೆ. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆ 2005ರ ಹೊತ್ತಿಗೇ ದೇಶದಲ್ಲಿ ನಿಂತುಹೋಗಿದೆ. ಈಗಿನದು ತೋಳಿಗೆ, ಮೊದಲ ದಿನ ಮತ್ತು ಅದರಿಂದ ಮೂರು, ಏಳು, ಇಪ್ಪತ್ತೆಂಟನೆಯ ದಿನ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೇ ಹಾಕುವ ಇನ್ನೊಂದು ಮದ್ದು.

ಕಾನೂನಿನ ಮಾತಿಗೆ ಬಂದರೆ, ಹಸಿವು ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ, ಸಂತೆಯಲ್ಲಿ ಗಿರಮಿಟ್ಟು–ಚಹಾದ ಬೆಲೆ. ಅದರಿಂದ ಯಾರೂ ಹೆದರಲಾರರು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ, ಹಿಡಿದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕೆಂದಿವೆ. 2025ರ ಆಗಸ್ಟ್‌ನಲ್ಲಿ ದಿಲ್ಲಿಯ ನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಎರಡು ಆದೇಶಗಳು, ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್‌ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಅಲ್ಲಿಗೆ ಮರಳಿ ಬಿಡಬಾರದೆಂದು ಕೊಟ್ಟ ಇನ್ನೊಂದು ಆದೇಶ ದೇಶವನ್ನೇ ಎರಡು ಪಾಳೆಯವಾಗಿಸಿದವು. ಆ ವಾದದಲ್ಲಿ ಯಾವ ಪಾಳೆಯವೂ ಗುಡ್ಡದ ಅಂಚಿನ ಹಳ್ಳಿಯನ್ನು ನೆನೆಯಲಿಲ್ಲ. ಶಾಲೆಯಿಂದ ತೆಗೆದ ನಾಯಿಯನ್ನು ಇರಿಸಲು ಜಾಗವಿಲ್ಲದ ಊರು ಅದನ್ನು ಎಲ್ಲಿಗೆ ಒಯ್ದೀತು? ಮತ್ತೆ ಅದೇ ಗುಡ್ಡಕ್ಕೆ.

ಇನ್ನೊಂದು ಕಲಮು ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ. ಅಭಯಾರಣ್ಯದೊಳಗೆ ಮತ್ತು ಅದರಿಂದ ಐದು ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿಸುವ ಕ್ರಮ ಕೈಗೊಳ್ಳಬೇಕೆಂದು ವನ್ಯಜೀವಿ ಕಾಯ್ದೆಯ 33ಎ ಕಲಂ ಹೇಳುತ್ತದೆ. ಜಾನುವಾರು ಎಂದರೆ ಯಾವುವೆಂದು ಅದೇ ಕಾಯ್ದೆ ಪಟ್ಟಿ ಕೊಡುತ್ತದೆ: ಎಮ್ಮೆ, ಎತ್ತು, ಒಂಟೆ, ಕತ್ತೆ, ಕುರಿ, ಬಾತುಕೋಳಿಯವರೆಗೆ. ನಾಯಿಯ ಹೆಸರಿಲ್ಲ. ತೋಳಕ್ಕೆ ರೋಗ ದಾಟಿಸಬಲ್ಲ ಪ್ರಾಣಿಗಳಲ್ಲಿ ಮೊದಲನೆಯದನ್ನೇ ಪಟ್ಟಿ ಮರೆತಿದೆ. ಕಪ್ಪತಗುಡ್ಡದ ಸುತ್ತಣ ಗ್ರಾಮ ಪಂಚಾಯಿತಿಗಳು ಗ್ರಾಮಸಭೆಯಲ್ಲಿ ಈ ಬಗ್ಗೆ ನಿರ್ಣಯ ಮಾಡಿ ಅರಣ್ಯ ಮತ್ತು ಪಶುಪಾಲನಾ ಇಲಾಖೆಗಳ ಮುಂದಿಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಗದಗಿನಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಅಲ್ಲಿಯ ವಿದ್ಯಾರ್ಥಿಗಳಿಗೆ ಕಲಿಯಲು ನಾಯಿಗಳು ಬೇಕು, ಹಳ್ಳಿಯ ನಾಯಿಗಳಿಗೆ ವೈದ್ಯರು ಬೇಕು. ನಡುವಿನ ದಾರಿಗೆ ಒಂದು ವಾಹನ, ಒಂದು ದಿನ ಗೊತ್ತುಮಾಡಿದರೆ ಸಾಕು. ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನ, ಸೆಪ್ಟೆಂಬರ್ 28ರ ರೇಬೀಸ್ ದಿನ ಎರಡೂ ಬ್ಯಾನರ್ ಕಟ್ಟುವ ದಿನಗಳಾಗಿ ಮುಗಿಯಬೇಕಾಗಿಲ್ಲ.

ದಿನ ಗೊತ್ತುಮಾಡುವುದಾದರೆ ಎಳ್ಳ ಅಮಾವಾಸ್ಯೆಯ ಆಚೀಚೆ ಒಳ್ಳೆಯದು. ಶೀಗಿಗೆ ಈದ ತಾಯಿಯ ಕುನ್ನಿಗಳು ಹೊಸ್ತಿಲ ಹುಣ್ಣಿಮೆಗೆ ಮನೆ ಸೇರಿದರೆ ಮುಂದಿನ ಹದಿನೈದು ದಿನದಲ್ಲಿ ಅವಳ ಹಾಲು ಬತ್ತುತ್ತದೆ. ಹಾಲು ಬತ್ತಿದ ಮೇಲೆ, ಮತ್ತೆ ಬೆದೆಗೆ ಬರುವ ಮೊದಲು, ಶಸ್ತ್ರಚಿಕಿತ್ಸೆಗೆ ಸಿಗುವ ಬಿಡುವು ಅದೊಂದೇ. ಚರಗ ಚೆಲ್ಲಲು ಬುತ್ತಿ ಕಟ್ಟಿ ಹೊಲಕ್ಕೆ ಹೋಗುವ ಮನೆಯ ಹಿಂದೆ ಆ ನಾಯಿಯೂ ಹೋಗುತ್ತದೆ. ಮರುದಿನ ಬೆಳಿಗ್ಗೆ ಅದಕ್ಕೆ ಊಟ ಹಾಕದೆ, ಹಗ್ಗ ಹಾಕಿ, ಕುನ್ನಿಗಳಿಗೆ ಹೆಸರಿಟ್ಟ ಆ ಮಕ್ಕಳಲ್ಲೇ ಒಬ್ಬರನ್ನು ಜೊತೆಗೆ ಕಳಿಸಿದರೆ ಅದು ಹೆದರದೆ ಗಾಡಿ ಹತ್ತುತ್ತದೆ.